ಮಾತ್ರೆಯಿಂದ ಬಂದ ಹಿಮ್ಮಡಿ ನೋವು: ಅಪ್ಪನ ಕೆರೆಯ ಸುತ್ತ ನನ್ನ ನಿಧಾನದ ನಡಿಗೆ

ನಮಸ್ಕಾರ್ರೀ ಎಲ್ಲರಿಗೂ. ಇದು ಕಲಬುರಗಿಯ ಶರಣಬಸವೇಶ್ವರ ಕೆರೆ. ನಮ್ಮ ಬಾಯಲ್ಲಿ ಅಪ್ಪನ ಕೆರೆ. ನನ್ನ ನಡಿಗೆ ನೋಡಿ ವಿಡಿಯೊ ಸ್ಪೀಡ್ ಕಡಿಮೆ ಇದೆ ಅಂದುಕೊಳ್ಳಬೇಡಿ, ಈಗ ನಾನು ನಡೆಯುವುದೇ ಇಷ್ಟು. ಎರಡೂ ಹಿಮ್ಮಡಿಯ ಮೇಲಿನ ಟೆಂಡನ್‌ಗೆ, ಅಂದರೆ ಮಾಂಸಖಂಡವನ್ನು ಎಲುಬಿಗೆ ಹಿಡಿದಿಡುವ ಗಟ್ಟಿ ಪಟ್ಟಿಗೆ, ಪೆಟ್ಟಾಗಿದೆ. ಬಿದ್ದಿಲ್ಲ, ಓಡಿಲ್ಲ, ಗಾಡಿ ಗುದ್ದಿಲ್ಲ. ಆಂಟಿಬಯಾಟಿಕ್ ಮಾತ್ರೆಯಿಂದ ಆಗಿದ್ದು.

ನಾನು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ತೊಗರಿ ಸುಗ್ಗಿ ಬಂತೆಂದರೆ ಮಿಲ್ಲಿನ ತುಂಬ ಧೂಳು. ಕೆಮ್ಮು, ಉಬ್ಬಸ, ಆಮೇಲೆ ಎದೆಯಲ್ಲಿ ಸೋಂಕು. ಸೋಂಕಿಗೆ ಲೆವೋಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್, ಉಬ್ಬಸಕ್ಕೆ ಸ್ಟಿರಾಯ್ಡ್ ಮಾತ್ರೆ ಬರೆದುಕೊಟ್ಟರು. ಕೆಮ್ಮು ಇಳಿಯಿತು. ಆದರೆ ಬೆಳಿಗ್ಗೆ ಎದ್ದರೆ ಹಿಮ್ಮಡಿ ಊರಲು ಆಗುತ್ತಿರಲಿಲ್ಲ. ಅವ್ವ ಅಂದಳು, "ಎಣ್ಣಿ ಹಚ್ಚಿ ಛಲೋತ್ನಂಗ ತಿಕ್ಕು, ಮುಂಜಾನಿತನ ಕಡಿಮಿ ಆಗ್ತದ." ಎಲುಬಿನ ಡಾಕ್ಟರ್ ಮಾತ್ರ ಕಾಲು ಮುಟ್ಟುವ ಮೊದಲೇ ಕೇಳಿದ್ದು, "ಈಚೆಗೆ ಯಾವ ಮಾತ್ರೆ ತಗೊಂಡ್ರಿ?"

ಇದೇನು ಹೊಸ ಸಂಗತಿಯಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಲೆವೋಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳಿಗೆ ತನ್ನ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು. ಟೆಂಡನ್ ಊದಬಹುದು, ಹರಿಯಲೂಬಹುದು ಅಂತ. 2016ರಲ್ಲಿ ಇನ್ನೂ ಬಿಗಿ ಮಾಡಿತು: ಸೈನಸ್, ಬ್ರಾಂಕೈಟಿಸ್, ಸಾಮಾನ್ಯ ಮೂತ್ರದ ಸೋಂಕಿಗೆ ಬೇರೆ ಔಷಧ ಇದ್ದರೆ ಇದನ್ನು ಕೊಡಬೇಡಿ ಎಂದಿತು. ಗುಂಪಿನ ಹೆಸರು ಫ್ಲೂರೋಕ್ವಿನೋಲೋನ್. ನೆನಪಿಡುವುದು ಕಷ್ಟ, ಅಲ್ವಾ? ಸ್ಟ್ರಿಪ್ ಮೇಲಿನ ಹೆಸರಿನ ಬಾಲ ನೋಡಿ. ಸಿಪ್ರೋಫ್ಲಾಕ್ಸಾಸಿನ್, ಲೆವೋಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್. ಭೇದಿ ಆದಾಗ ಮೆಡಿಕಲ್‌ನಲ್ಲಿ ಕೊಡುವ ಓಫ್ಲಾಕ್ಸಾಸಿನ್-ಆರ್ನಿಡಜೋಲ್ ಜೋಡಿ ಮಾತ್ರೆ ಗೊತ್ತಲ್ಲ, ಅದರಲ್ಲೂ ಇದೇ ಜಾತಿಯದು ಇದೆ.

ಎಲ್ಲರಿಗೂ ಹೀಗಾಗುವುದಿಲ್ಲ, ಅಪರೂಪ. 60 ದಾಟಿದವರಿಗೆ, ಜೊತೆಗೆ ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ, ಕಿಡ್ನಿ ಕಸಿ ಆದವರಿಗೆ ಅಪಾಯ ಜಾಸ್ತಿ. ನನ್ನದು ಸ್ಟಿರಾಯ್ಡ್ ಲೆಕ್ಕ. ಟೆಂಡನ್‌ನ ಜೀವಕೋಶಗಳಿಗೆ ಈ ಔಷಧ ತೊಂದರೆ ಮಾಡುತ್ತದೆ, ಅದರೊಳಗಿನ ಕೊಲಾಜೆನ್ ಎಂಬ ಪ್ರೋಟೀನ್ ನಾರನ್ನು ಸವೆಸುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ಮೊದಲೇ ಅಲ್ಲಿ ರಕ್ತ ಓಡಾಟ ಕಡಿಮೆ, ಹಾಗಾಗಿ ರಿಪೇರಿ ತಡ. ಮಾತ್ರೆ ಶುರುವಾದ ಎರಡೇ ದಿನಕ್ಕೆ ನೋವು ಬರಬಹುದು. ಮಾತ್ರೆ ನಿಲ್ಲಿಸಿ ತಿಂಗಳುಗಳಾದ ಮೇಲೂ ಬರಬಹುದು. ಅಷ್ಟರಲ್ಲಿ ಆ ಮಾತ್ರೆಯ ನೆನಪೇ ಇರುವುದಿಲ್ಲ.

ಇನ್ನು ನಿತ್ಯದ ಬದುಕು. ನಮ್ಮ ಬದುಕು ನೆಲದ ಮೇಲಿನದು. ಊಟಕ್ಕೆ ನೆಲ, ಕಾಯಿಪಲ್ಯೆ ಹೆಚ್ಚಲು ನೆಲ, ಸಂಡಾಸಿಗೆ ಕುಕ್ಕರಗಾಲು. ಕುಕ್ಕರಗಾಲಲ್ಲಿ ಕೂತರೆ ಹಿಮ್ಮಡಿಯ ಟೆಂಡನ್ ಪೂರ್ತಿ ಎಳೆದಂತಾಗುತ್ತದೆ. ಮೊದಲು ಬಿಟ್ಟಿದ್ದೇ ಅದನ್ನು. ಇಂಡಿಯನ್ ಟಾಯ್ಲೆಟ್ ಮೇಲೆ ಇಡುವ ಪ್ಲಾಸ್ಟಿಕ್ ಕಮೋಡ್ ಕುರ್ಚಿ ತಂದೆವು. ನಾಚಿಕೆ ಪಡುವಂಥದ್ದೇನಿಲ್ಲ. ರೊಟ್ಟಿ ತಟ್ಟುವುದು ಕಟ್ಟೆಯ ಮೇಲೆ, ನಿಂತುಕೊಂಡು, ಅದೂ ಎರಡು ಕಂತಿನಲ್ಲಿ. ಚಪ್ಪಟೆ ಹವಾಯಿ ಚಪ್ಪಲಿ ಮೂಲೆಗೆ ಹೋಯಿತು. ಹಿಮ್ಮಡಿ ಕೆಳಗೆ ಸುಮಾರು ಒಂದು ಸೆಂಟಿಮೀಟರ್ ದಪ್ಪದ ಪ್ಯಾಡ್ ಇಟ್ಟು ಬೂಟು ಹಾಕುತ್ತೇನೆ, ಮನೆಯೊಳಗೂ. ಕಲಬುರಗಿ ಬಿಸಿಲಲ್ಲಿ ದಿನವಿಡೀ ಬೂಟು! ನೀವೇ ಯೋಚಿಸಿ. ಗುಡಿಗೆ ಹೋದರೆ ಬರಿಗಾಲು, ಪ್ಯಾಡ್ ಇಲ್ಲ. ಅದಕ್ಕೇ ಶರಣಬಸವೇಶ್ವರರ ಗುಡಿಯಲ್ಲಿ ಈಗ ಪ್ರದಕ್ಷಿಣೆ ಹಾಕುವುದಿಲ್ಲ. ಕೈ ಮುಗಿದು ಒಂದು ಬದಿಗೆ ಕೂರುತ್ತೇನೆ.

ತಿಕ್ಕುವುದು, ಎಳೆಯುವುದು ಬೇಡ ಎಂದು ಫಿಸಿಯೋಥೆರಪಿಸ್ಟ್ ಖಡಾಖಂಡಿತವಾಗಿ ಹೇಳಿದರು. ಆ ಜಾಗಕ್ಕೆ ಸ್ಟಿರಾಯ್ಡ್ ಇಂಜೆಕ್ಷನ್ ಅಂತೂ ಬೇಡವೇ ಬೇಡ, ಅದು ಟೆಂಡನ್ ಅನ್ನು ಇನ್ನೂ ದುರ್ಬಲ ಮಾಡಬಹುದು. ಹಾಗಂತ ಹಾಸಿಗೆ ಹಿಡಿದು ಮಲಗುವುದೂ ಅಲ್ಲ. ಭಾರವೇ ಬೀಳದಿದ್ದರೆ ಟೆಂಡನ್ ಗಟ್ಟಿಯಾಗುವುದಿಲ್ಲ. ಮೊದಲು ಕುರ್ಚಿಯಲ್ಲಿ ಕೂತು ಮುಂಗಾಲನ್ನು ನೆಲಕ್ಕೆ ಒತ್ತಿ ಹಿಡಿಯುವುದು, ಕಾಲು ಅಲುಗಾಡದಂತೆ. ಆಮೇಲೆ ಕಿಟಕಿ ಸರಳು ಹಿಡಿದು ಎರಡೂ ಹಿಮ್ಮಡಿ ಎತ್ತಿ ಇಳಿಸುವುದು. ಒಂಟಿ ಕಾಲಿನದ್ದು ಇನ್ನೂ ದೂರ ಇದೆ. ಯೂಟ್ಯೂಬಿನಲ್ಲಿ ಒಂದು ಪ್ರಸಿದ್ಧ ವ್ಯಾಯಾಮ ಸಿಗುತ್ತದೆ, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಇಳಿಸುವುದು, ದಿನಕ್ಕೆ 180 ಸಲ. 1998ರಲ್ಲಿ ಸ್ವೀಡನ್ನಿನ ವೈದ್ಯರು ಪ್ರಕಟಿಸಿದ್ದು. ಅವರು ಮಾಡಿಸಿದ್ದು ಓಟಗಾರರಿಗೆ, ಮಾತ್ರೆ ತಿಂದು ಟೆಂಡನ್ ಕೆಡಿಸಿಕೊಂಡವರಿಗಲ್ಲ. ನಮ್ಮಂಥವರು ಶುರುವಿಗೇ ಅದಕ್ಕೆ ಕೈಹಾಕಬಾರದು.

ನನ್ನ ಅಳತೆಗೋಲು ಒಂದೇ, ಮರುದಿನ ಬೆಳಿಗ್ಗೆ. ಇವತ್ತು ಎಷ್ಟು ನಡೆದೆ, ನಡೆಯುವಾಗ ಹೇಗಿತ್ತು ಅನ್ನುವುದು ಮುಖ್ಯವಲ್ಲ. ನಾಳೆ ಹಾಸಿಗೆಯಿಂದ ಇಳಿದಾಗ ಬಿಗಿತ ಎಂದಿನಷ್ಟೇ ಇದ್ದರೆ ಇವತ್ತಿನ ಲೆಕ್ಕ ಸರಿ ಇತ್ತು. ಜಾಸ್ತಿ ಇದ್ದರೆ ಎರಡು ದಿನ ಕಡಿಮೆ ಮಾಡುತ್ತೇನೆ. ಅದಕ್ಕೇ ನೋವಿಲ್ಲದ ದಿನವೆಂದರೆ ನನಗೆ ಜಾಸ್ತಿ ಭಯ. ಅವತ್ತೇ ಸೂಪರ್ ಮಾರ್ಕೆಟ್‌ಗೆ ಹೋಗಿ ಚೀಲ ತುಂಬಿಕೊಂಡು ಬರೋಣ ಅನಿಸುತ್ತದೆ. ನೋವು ಹೋದ ಮಾತ್ರಕ್ಕೆ ಟೆಂಡನ್ ಗಟ್ಟಿಯಾಯಿತು ಅಂತಲ್ಲ.

ಮೆಗ್ನೀಸಿಯಂ ಮಾತ್ರೆ, ಕೊಲಾಜೆನ್ ಪುಡಿ ಎಂದು ಸಲಹೆ ಕೊಡುವವರು ಬಹಳ. ಆಂಟಿಬಯಾಟಿಕ್‌ನಿಂದಾದ ಪೆಟ್ಟು ಅವುಗಳಿಂದ ವಾಸಿಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ನಾನು ದುಡ್ಡು ಹಾಕಿಲ್ಲ.

ಒಂದು ಮಾತ್ರ ಹುಷಾರು. 'ಟಪ್' ಎಂದು ಸದ್ದಾಗಿ, ಹಿಂದಿನಿಂದ ಯಾರೋ ಒದ್ದ ಹಾಗಾಗಿ, ಆಮೇಲೆ ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಟೆಂಡನ್ ಹರಿದಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ.

ಈ ವಿಡಿಯೊ ನೋಡಿ ಯಾರೂ ಗಾಬರಿಯಾಗಿ ಮಾತ್ರೆ ಬಿಸಾಡಬೇಡಿ. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಇದೇ ಲೆವೋಫ್ಲಾಕ್ಸಾಸಿನ್ ಬೇಕು, ಜೀವ ಉಳಿಸುವ ಮಾತ್ರೆ ಅದು. ಹಿಮ್ಮಡಿ, ಭುಜ, ಮಣಿಕಟ್ಟು ಎಲ್ಲೇ ನೋವು ಬಂದರೂ ಅವತ್ತೇ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ, ಮುಂದಿನ ಮಾತ್ರೆ ನುಂಗಬೇಕಾ ಬೇಡವಾ ಕೇಳಿ. ಅಡ್ಡ ಪರಿಣಾಮವನ್ನು ನೀವೇ ಸರ್ಕಾರಕ್ಕೆ ತಿಳಿಸಲೂಬಹುದು. ಭಾರತ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ನಾನು ತಿಳಿಸಿದ್ದೇನೆ.

ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದೇನೆ: "ಫ್ಲೂರೋಕ್ವಿನೋಲೋನ್ ಕೊಡಬೇಡಿ, ಟೆಂಡನ್ ತೊಂದರೆ ಆಗಿದೆ." ಮೆಡಿಕಲ್‌ನಲ್ಲಿ, ಹಲ್ಲಿನ ಡಾಕ್ಟರ್ ಹತ್ತಿರ, ಎಲ್ಲಿ ಹೋದರೂ ಮೊದಲು ಅದನ್ನು ತೋರಿಸುತ್ತೇನೆ. ಅವ್ವನಿಗೂ ಒಂದು ಬರೆದುಕೊಟ್ಟೆ, ಬೇರೆ ಥರ: "60 ದಾಟಿದೆ, ಉಬ್ಬಸಕ್ಕೆ ಸ್ಟಿರಾಯ್ಡ್ ತಗೋತಾರೆ, ನೋಡಿ ಬರೆಯಿರಿ." "ನಂಗೇನಾಗ್ಯಾದ?" ಎಂದು ಬೈದಳು. ಬೈಯುತ್ತಲೇ ಮಡಚಿ ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡಳು.