ಹತ್ತನೇ ತರಗತಿಯ ಫ್ಲೆಕ್ಸ್, ಎಂಟನೇ ತರಗತಿಯ ಅರ್ಜಿ

ಎಲ್ಲರಿಗೂ ನಮಸ್ಕಾರ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿ ಕೊಪ್ಪಳದಿಂದ ಕುಷ್ಟಗಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತರೆ ದಾರಿಯುದ್ದಕ್ಕೂ ಫ್ಲೆಕ್ಸ್‌ಗಳು ಕಾಣುತ್ತವೆ. 625ಕ್ಕೆ 619, 625ಕ್ಕೆ 621 ಎಂಬ ದಪ್ಪ ಅಂಕಿಗಳು, ಅವುಗಳ ಕೆಳಗೆ ಅಂಚೆಚೀಟಿಯಷ್ಟು ಚಿಕ್ಕದಾದ ಮಗುವಿನ ಫೋಟೊ, ಪಕ್ಕದಲ್ಲಿ ಆಳೆತ್ತರದ ಅಧ್ಯಕ್ಷರ ಫೋಟೊ. ಅಂಕ ಗಳಿಸಿದವರು ಯಾರು ಎಂದು ಹೊಸಬರಿಗೆ ಗೊಂದಲವಾದರೆ ಅದು ಅವರ ತಪ್ಪಲ್ಲ.

ಆ ಮಕ್ಕಳ ಶ್ರಮದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ನಮ್ಮ ಲೆಕ್ಕಾಚಾರದ ಬಗ್ಗೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಕಡೆ ನಾವು ಪ್ರತಿಭಾವಂತ ಮಗುವನ್ನು ಗುರುತಿಸುವುದು ಹತ್ತನೇ ತರಗತಿ ಮುಗಿದ ಮೇಲೆ; ಆದರೆ ಅಂತಹ ಮಗುವಿಗಾಗಿ ದೇಶ ಇಟ್ಟಿರುವ ಅವಕಾಶಗಳಲ್ಲಿ ಹೆಚ್ಚಿನವು ಎಂಟನೇ ಮತ್ತು ಒಂಬತ್ತನೇ ತರಗತಿಯಲ್ಲಿ ಬಂದು, ಯಾರೂ ಗಮನಿಸದಿದ್ದರೆ ಅಲ್ಲಿಯೇ ಮುಗಿದುಹೋಗುತ್ತವೆ.

ನಾನು ಕುಷ್ಟಗಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಇತರರನ್ನು ದೂರುವ ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಒಂಬತ್ತನೇ ತರಗತಿಯಲ್ಲಿ ಭಾಗಲಬ್ಧ ಸಂಖ್ಯೆಗಳ ದಶಮಾಂಶ ರೂಪವನ್ನು ಕಲಿಸುತ್ತಿದ್ದ ದಿನ, ಒಬ್ಬ ಹುಡುಗಿ ನೋಟ್‌ಬುಕ್ಕಿನ ಕೊನೆಯ ಹಾಳೆಯನ್ನು ತಂದು ತೋರಿಸಿದಳು. ಒಂದನ್ನು ಏಳರಿಂದ ಭಾಗಿಸಿದರೆ 142857 ಎಂಬ ಆರು ಅಂಕಿಗಳು ಮತ್ತೆ ಮತ್ತೆ ಬರುತ್ತವೆ. ಎರಡನ್ನು ಏಳರಿಂದ ಭಾಗಿಸಿದರೆ 285714 ಬರುತ್ತದೆ, ಅಂದರೆ ಅದೇ ಅಂಕಿಗಳು ಅದೇ ಸುತ್ತಿನಲ್ಲಿ ಬೇರೊಂದು ಕಡೆಯಿಂದ ಆರಂಭವಾಗುತ್ತವೆ. ಮೂರು, ನಾಲ್ಕು, ಐದು, ಆರನ್ನೂ ಭಾಗಿಸಿ ನೋಡಿ, ಎಲ್ಲವೂ ಒಂದೇ ಬಳೆಯ ಮೇಲೆ ಕೂರುತ್ತವೆ ಎಂದು ಅವಳು ನಿಜವಾಗಿಯೂ ಬಳೆಯೊಂದನ್ನು ಹಾಳೆಯ ಮೇಲಿಟ್ಟು ಗೆರೆ ಎಳೆದು ಅಂಕಿಗಳನ್ನು ಬರೆದಿದ್ದಳು. ಆಮೇಲೆ ಕೇಳಿದಳು: "ಸರ್, ಹದಿಮೂರಕ್ಕ ಯಾಕ ಎರಡು ಬಳಿ ಬರ್ತಾವ್ರಿ?"

ಅವಳು ಕಂಡುಕೊಂಡದ್ದು ಸರಿಯಾಗಿತ್ತು. ಒಂದನ್ನು ಹದಿಮೂರರಿಂದ ಭಾಗಿಸಿದರೆ 076923, ಎರಡನ್ನು ಭಾಗಿಸಿದರೆ 153846. ಉಳಿದ ಹತ್ತು ಭಿನ್ನರಾಶಿಗಳು ಈ ಎರಡು ಬಳೆಗಳಲ್ಲಿ ಸಮನಾಗಿ ಹಂಚಿಹೋಗುತ್ತವೆ. ಏಳರಿಂದ ಭಾಗಿಸುವಾಗ ಒಂದರಿಂದ ಆರರವರೆಗಿನ ಶೇಷಗಳೆಲ್ಲವೂ ಒಂದೇ ಸುತ್ತಿನಲ್ಲಿ ಬಂದುಹೋಗುತ್ತವೆ, ಹದಿಮೂರರಲ್ಲಿ ಆರು ಶೇಷಗಳು ಮುಗಿಯುತ್ತಲೇ ಭಾಗಾಕಾರ ಮತ್ತೆ ಮೊದಲಿಗೆ ಬಂದುಬಿಡುತ್ತದೆ ಎಂಬುದು ಅದರ ಕಾರಣದ ಮೊದಲ ಮೆಟ್ಟಿಲು. ಅದನ್ನು ಕರಿಹಲಗೆಯ ಮೇಲೆ ತೋರಿಸಲು ಹತ್ತು ನಿಮಿಷ ಸಾಕಿತ್ತು. ನಾನು ಹೇಳಿದ್ದು, "ಅದು ಪರೀಕ್ಷೆಗೆ ಬರೂದಿಲ್ಲ, ಬಿಡವ್ವಾ" ಎಂದು. ಅವಳು ಹಾಳೆಯನ್ನು ಮಡಚಿಕೊಂಡು ಹೋಗಿ ಕುಳಿತಳು. ಮತ್ತೆ ಬಹಳ ದಿನ ಏನನ್ನೂ ತೋರಿಸಲಿಲ್ಲ.

ಆ ಹುಡುಗಿಗೆ ಗಣಿತದಲ್ಲಿ ನೂರಕ್ಕೆ ಎಪ್ಪತ್ತರ ಆಸುಪಾಸಿನ ಅಂಕ ಬರುತ್ತಿತ್ತು. ಉತ್ತರವನ್ನು ಹಂತಹಂತವಾಗಿ ಬರೆಯಲು ಅವಳಿಗೆ ಬೇಸರ. ನಮ್ಮ ಫ್ಲೆಕ್ಸ್‌ನ ಅಳತೆಗೋಲಿನಲ್ಲಿ ಅವಳು ಪ್ರತಿಭಾವಂತೆಯೇ ಅಲ್ಲ.

ಅಷ್ಟು ಹೊತ್ತಿಗಾಗಲೇ ಅವಳಿಗೆ ಒಂದು ಅವಕಾಶ ತಪ್ಪಿ ವರ್ಷವಾಗಿತ್ತು. ಎನ್‌ಎಂಎಂಎಸ್ ಎಂದು ಎಲ್ಲರೂ ಕರೆಯುವ ವಿದ್ಯಾರ್ಥಿವೇತನದ ಪರೀಕ್ಷೆಯನ್ನು ಎಂಟನೇ ತರಗತಿಯಲ್ಲಿಯೇ ಬರೆಯಬೇಕು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆಂದೇ 2008ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ದೇಶದಾದ್ಯಂತ ವರ್ಷಕ್ಕೆ 1 ಲಕ್ಷ ಹೊಸ ವಿದ್ಯಾರ್ಥಿವೇತನಗಳಿವೆ. ಆಯ್ಕೆಯಾದವರಿಗೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000 ರೂಪಾಯಿ ನೇರವಾಗಿ ಖಾತೆಗೆ ಬರುತ್ತದೆ. ಪಾಲಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿಯನ್ನು ಮೀರಿರಬಾರದು ಎಂಬ ಷರತ್ತನ್ನು ನಮ್ಮ ತಾಲ್ಲೂಕಿನಲ್ಲಿ ಓದಿ ಹೇಳಿದರೆ ಜನ ನಗುತ್ತಾರೆ. ಬೌದ್ಧಿಕ ಸಾಮರ್ಥ್ಯದ 90 ಪ್ರಶ್ನೆ, ಪಠ್ಯವಿಷಯಗಳ 90 ಪ್ರಶ್ನೆ, ಎಲ್ಲವೂ ಕನ್ನಡದಲ್ಲಿಯೇ ಇರುತ್ತವೆ. ಅಂಕಿಗಳ ಸರಣಿಯಲ್ಲಿ ಮುಂದಿನದು ಯಾವುದು ಎಂಬಂತಹ ಪ್ರಶ್ನೆಗಳು ಅವಳಿಗೆ ಉಂಡಷ್ಟೇ ಸಲೀಸು.

ಆದರೆ ಅರ್ಜಿ ಹಾಕಲು ಆದಾಯ ಪ್ರಮಾಣಪತ್ರ ಬೇಕು. ಆ ವರ್ಷ ಮಳೆ ಕೈಕೊಟ್ಟು ಅವಳ ತಂದೆತಾಯಿ ಬೆಂಗಳೂರಿಗೆ ಗುಳೆ ಹೋಗಿದ್ದರು. ರೇಷನ್ ಕಾರ್ಡು, ಆಧಾರ್ ಎಲ್ಲವೂ ಅವರ ಟ್ರಂಕಿನೊಳಗೆ, ಟ್ರಂಕು ಯಾವುದೋ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ. ಊರಿನಲ್ಲಿ ಉಳಿದಿದ್ದವರು ಅಜ್ಜಿ ಮತ್ತು ಈ ಹುಡುಗಿ. ಕೊನೆಯ ದಿನಾಂಕ ಕಳೆದ ಮೇಲೆ ಕಾಗದಗಳು ಬಂದವು. ಅವುಗಳನ್ನು ಜುಲೈನಲ್ಲಿಯೇ ಕೇಳಿ ತರಿಸಿಟ್ಟುಕೊಳ್ಳಬೇಕು ಎಂಬ ಎಚ್ಚರ ಶಾಲೆಯಲ್ಲಿ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಅಂಕದ ವಿಚಾರದಲ್ಲಿ ಅಷ್ಟೊಂದು ಲೆಕ್ಕ ಇಡುವ ನಾವು, ನಮ್ಮ ಎಂಟನೇ ತರಗತಿಯಲ್ಲಿ ಎಷ್ಟು ಮಕ್ಕಳು ಅರ್ಜಿ ಹಾಕಿದರು ಎಂಬುದನ್ನು ಒಂದು ವರ್ಷವೂ ಸೂಚನಾ ಫಲಕದಲ್ಲಿ ಬರೆಯಲಿಲ್ಲ.

ಇನ್ನೂ ಕೆಲವನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಇಸ್ರೋ 2019ರಿಂದ ನಡೆಸುತ್ತಿರುವ ಯುವಿಕಾ ಎಂಬ ಬಾಹ್ಯಾಕಾಶ ವಿಜ್ಞಾನದ ಶಿಬಿರ ಒಂಬತ್ತನೇ ತರಗತಿಯ ಮಕ್ಕಳಿಗಾಗಿಯೇ ಇರುವುದು. ಪ್ರಯಾಣ, ಊಟ, ವಸತಿ ಎಲ್ಲವೂ ಇಸ್ರೋದ ಖರ್ಚು, ಆಯ್ಕೆಯಲ್ಲಿ ಅರ್ಧದಷ್ಟು ತೂಕ ಎಂಟನೇ ತರಗತಿಯ ಅಂಕಗಳಿಗೆ, ಮತ್ತು ಪಂಚಾಯಿತಿ ವ್ಯಾಪ್ತಿಯ ಶಾಲೆಯ ಮಕ್ಕಳಿಗೆ ಹೆಚ್ಚುವರಿ ಅಂಕ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಮಗುವಿನ ಒಂದು ಹೊಸ ಆಲೋಚನೆ ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ. ಹತ್ತಿ ಬಿಡಿಸಿ, ಮೆಣಸಿನಕಾಯಿ ಬಿಡಿಸಿ ಬೆರಳು ಉರಿಸಿಕೊಂಡ ಮಕ್ಕಳ ಬಳಿ ಆಲೋಚನೆಗಳಿಗೆ ಬರವಿಲ್ಲ. ಅವುಗಳನ್ನು ಕೇಳಿ ಬರೆದುಕೊಂಡು ಕಳುಹಿಸುವವರಿಗೆ ಬರವಿದೆ.

ಅದೇ ವೇಳೆ ಕೆಲವು ಹಳೆಯ ದಾರಿಗಳು ಮುಚ್ಚಿಹೋಗಿವೆ. 1963ರಲ್ಲಿ ಆರಂಭವಾಗಿ, ಹತ್ತನೇ ತರಗತಿಯ ಮಕ್ಕಳಿಗೆ ದೊಡ್ಡ ಹೆಸರು ತಂದುಕೊಡುತ್ತಿದ್ದ ಎನ್‌ಟಿಎಸ್‌ಇ ಎಂಬ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆ 2021ರ ಬಳಿಕ ಸ್ಥಗಿತಗೊಂಡಿತು. ಪಿಯುಸಿ ವಿಜ್ಞಾನದ ಮಕ್ಕಳಿಗಿದ್ದ ಕೆವಿಪಿವೈ ಎಂಬ ವಿದ್ಯಾರ್ಥಿವೇತನ 2022ರಲ್ಲಿ ಇನ್ನೊಂದು ಯೋಜನೆಯೊಳಗೆ ಸೇರಿಹೋಯಿತು. ಹಳ್ಳಿಯ ಮಗುವಿಗೆ ಇದ್ದ ಮೆಟ್ಟಿಲುಗಳೇ ಕಡಿಮೆ, ಅವುಗಳಲ್ಲಿಯೂ ಎರಡನ್ನು ತೆಗೆದದ್ದು ನನಗೆ ಇಂದಿಗೂ ಸರಿ ಕಾಣುವುದಿಲ್ಲ.

ಇನ್ನು ಗಣಿತ ಒಲಿಂಪಿಯಾಡ್. ಬಳೆಯ ಮೇಲೆ ಅಂಕಿ ಬರೆದ ಹುಡುಗಿಯ ನಿಜವಾದ ಜಾಗ ಅದು. ಅದರ ಮೊದಲ ಹಂತವಾದ ಐಒಕ್ಯೂಎಂ ಪರೀಕ್ಷೆಯಲ್ಲಿ ಮೂರು ಗಂಟೆಗೆ 30 ಪ್ರಶ್ನೆ, 100 ಅಂಕ. ಪ್ರತಿ ಉತ್ತರವೂ 00ರಿಂದ 99ರೊಳಗಿನ ಒಂದು ಪೂರ್ಣಾಂಕ. ಹಂತಹಂತವಾಗಿ ಬರೆಯುವ ಗೊಡವೆ ಇಲ್ಲ, ಉತ್ತರ ಗೊತ್ತಿದ್ದರೆ ಉತ್ತರಪತ್ರಿಕೆಯ ವೃತ್ತ ತುಂಬಿದರೆ ಆಯಿತು. ಇಲ್ಲಿಂದ ಪ್ರಾದೇಶಿಕ ಹಂತ, ರಾಷ್ಟ್ರೀಯ ಹಂತ, ತರಬೇತಿ ಶಿಬಿರ ದಾಟಿದ ಆರು ಮಂದಿ ದೇಶವನ್ನು ಪ್ರತಿನಿಧಿಸುತ್ತಾರೆ. 1989ರಿಂದ ಭಾಗವಹಿಸುತ್ತಿರುವ ಭಾರತ, 2024ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಯಾಡ್‌ನಲ್ಲಿ ನಾಲ್ಕು ಚಿನ್ನದ ಪದಕಗಳೊಂದಿಗೆ ನಾಲ್ಕನೇ ಸ್ಥಾನ ಪಡೆಯಿತು.

ಆ ಅಂತರರಾಷ್ಟ್ರೀಯ ಸ್ಪರ್ಧೆಯ ಒಂದು ನಿಯಮವನ್ನು ಗಮನಿಸಬೇಕು: ಅಲ್ಲಿ ಪ್ರತಿಯೊಬ್ಬ ಸ್ಪರ್ಧಿಗೂ ತನಗೆ ಬೇಕಾದ ಭಾಷೆಯಲ್ಲಿ ಪ್ರಶ್ನೆ ಪಡೆದು, ಅದೇ ಭಾಷೆಯಲ್ಲಿ ಉತ್ತರ ಬರೆಯುವ ಹಕ್ಕಿದೆ. ಆದರೆ ಅಲ್ಲಿಗೆ ಏರಬೇಕಾದ ಏಣಿಯ ಕೆಳಗಿನ ಮೆಟ್ಟಿಲಿನ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಒಲಿಂಪಿಯಾಡ್‌ಗಳನ್ನು ಗ್ರಾಮೀಣ ಪ್ರದೇಶಕ್ಕೂ ಪ್ರಾದೇಶಿಕ ಭಾಷೆಗಳಿಗೂ ತಲುಪಿಸಲು ಪ್ರಯತ್ನಿಸಲಾಗುವುದು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. ಆ ನೀತಿಯ ಬಗ್ಗೆ ಯಾರಿಗೆ ಏನೇ ಅಭಿಪ್ರಾಯವಿರಲಿ, ಈ ಒಂದು ಮಾತನ್ನು ಜಾರಿಗೆ ತರಲು ಬೇಕಾಗುವುದು 30 ಪ್ರಶ್ನೆಗಳ ಅನುವಾದ. ಅದಕ್ಕೆ ಬೇಕಾದ ಅವಿಭಾಜ್ಯ ಸಂಖ್ಯೆ, ಶೇಷ, ಪೂರ್ಣಾಂಕ, ಸ್ಪರ್ಶಕ ಎಂಬ ಪದಗಳೆಲ್ಲವೂ ನಮ್ಮ ಹತ್ತನೇ ತರಗತಿಯೊಳಗಿನ ಪುಸ್ತಕಗಳಲ್ಲಿವೆ.

ಇದಕ್ಕೆ ಉತ್ತರವಾಗಿ, ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಮತ್ತು ಅದು ದೊಡ್ಡ ಆಸರೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಆ ವಿಧಿಯ ಫಲವಾಗಿ ವೃತ್ತಿಶಿಕ್ಷಣದಲ್ಲಿ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟುಗಳು ನಮ್ಮ ಮಕ್ಕಳಿಗೆ ಮೀಸಲಾಗಿವೆ. ಆದರೆ ಆ ಸೀಟು ಪಿಯುಸಿ ಮುಗಿಸಿ ಬಾಗಿಲವರೆಗೆ ನಡೆದು ಬಂದ ಮಗುವಿಗೆ ಸಿಗುತ್ತದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75ರಷ್ಟಿದ್ದಾಗ ರಾಯಚೂರು ಜಿಲ್ಲೆಯದು ಶೇ 60ನ್ನೂ ಮುಟ್ಟಿರಲಿಲ್ಲ. ಮನೆಯಲ್ಲಿ ಓದಿದವರೇ ಇಲ್ಲದ ಮಗುವಿಗೆ, ಯಾವ ತಿಂಗಳು ಯಾವ ಅರ್ಜಿ ಎಂದು ಹೇಳಬೇಕಾದವರು ಮೇಷ್ಟ್ರೇ.

ನಿವೃತ್ತಿಯ ನಂತರ ಊರಿನ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಭಾನುವಾರ ಬೆಳಿಗ್ಗೆ ಎಂಟು ಮಕ್ಕಳನ್ನು ಕೂರಿಸಿಕೊಳ್ಳುತ್ತೇನೆ. ಹಳೆಯ ಒಲಿಂಪಿಯಾಡ್ ಪ್ರಶ್ನೆಗಳನ್ನು ನಾನು ಕನ್ನಡಕ್ಕೆ ಮಾಡಿಕೊಂಡು ಹೋಗುತ್ತೇನೆ, ಅವರು ನನ್ನ ಕನ್ನಡವನ್ನು ತಿದ್ದುತ್ತಾರೆ. ಆ ಹುಡುಗಿ ಈಗ ಪಿಯುಸಿಯಲ್ಲಿದ್ದಾಳೆ. ಊರಿಗೆ ಬಂದಾಗ ಅಲ್ಲಿಗೂ ಬರುತ್ತಾಳೆ. ಕಳೆದ ಸಲ ಬಂದವಳು ಏನೂ ಹೇಳದೆ ಹಲಗೆಯ ಮೇಲೆ ದೊಡ್ಡದೊಂದು ಬಳೆ ಬರೆದು, ಒಂದನ್ನು ಹದಿನೇಳರಿಂದ ಭಾಗಿಸಿ, ಹದಿನಾರು ಅಂಕಿಗಳನ್ನು ಅದರ ಸುತ್ತ ಜೋಡಿಸಿದಳು. ಸೊನ್ನೆಯಿಂದ ಆರಂಭಿಸಿ 0588235294117647. ಒಂದೇ ಬಳೆ. ಎಂಟನೇ ತರಗತಿಯ ಹುಡುಗನೊಬ್ಬ ಬಹಳ ಹೊತ್ತು ನೋಡಿ, "ಅಕ್ಕಾ, ಹತ್ತೊಂಬತ್ತಕ್ಕ?" ಎಂದ. ಅವಳು ಚಾಕ್‌ಪೀಸನ್ನು ಅವನ ಕೈಗೆ ಕೊಟ್ಟಳು.