ದಿಕ್ಸೂಚಿಯ ಮುಳ್ಳು ಅಡ್ಡ ತಿರುಗಿದಾಗ

ಪ್ರೌಢಶಾಲೆಯ ವಿದ್ಯಾರ್ಥಿಗಳೇ, ನಮಸ್ಕಾರ. ಇಂದು ನಿಮ್ಮೊಡನೆ ಒಂದು ಸಣ್ಣ ಮುಳ್ಳಿನ ವಿಷಯ ಮಾತನಾಡಲು ಬಂದಿದ್ದೇನೆ. ಅದು ದಿಕ್ಸೂಚಿಯ ಮುಳ್ಳು. ವಿದ್ಯುತ್ತಿಗೂ ಕಾಂತತ್ವಕ್ಕೂ ಇರುವ ನಂಟನ್ನು ಮೊದಲು ಬಯಲು ಮಾಡಿದ್ದು ಅದೇ.

ಒಂದು ದಿಕ್ಸೂಚಿ, ಒಂದೂವರೆ ವೋಲ್ಟಿನ ಒಂದು ಟಾರ್ಚ್ ಸೆಲ್, ಹೊದಿಕೆಯಿರುವ ಒಂದು ಮೊಳ ತಾಮ್ರದ ತಂತಿ. ಇಷ್ಟಿದ್ದರೆ ಸಾಕು. ದಿಕ್ಸೂಚಿಯನ್ನು ಮೇಜಿನ ಮೇಲಿಡಿ. ಮುಳ್ಳು ಸ್ವಲ್ಪ ಹೊತ್ತು ತೂಗಾಡಿ ಉತ್ತರ ದಕ್ಷಿಣವಾಗಿ ನಿಲ್ಲುತ್ತದೆ. ತುದಿಗಳ ಹೊದಿಕೆ ಸುಲಿದ ತಂತಿಯನ್ನು ಮುಳ್ಳಿನ ಮೇಲೆ, ಮುಳ್ಳಿನ ಉದ್ದಕ್ಕೇ ಹಾಯುವಂತೆ ಇಡಿ. ಈ ಮಾತನ್ನು ಗಮನವಿಟ್ಟು ಕೇಳಿ: ತಂತಿಯನ್ನು ಪೂರ್ವ ಪಶ್ಚಿಮವಾಗಿ ಇಟ್ಟು, ‘ಏನೂ ಆಗಲಿಲ್ಲ’ ಎಂದು ಪ್ರಯೋಗವನ್ನೇ ಕೈಬಿಡುವವರು ಬಹಳ ಮಂದಿ. ಈಗ ತಂತಿಯ ಎರಡು ತುದಿಗಳನ್ನು ಸೆಲ್ಲಿನ ಎರಡು ಕೊನೆಗಳಿಗೆ ಒಂದು ಕ್ಷಣ ತಾಗಿಸಿ ತೆಗೆದುಬಿಡಿ. ಹೆಚ್ಚು ಹೊತ್ತು ಹಿಡಿದರೆ ತಂತಿ ಕಾಯುತ್ತದೆ. ತಾಗಿಸಿದ ಕೂಡಲೇ ಮುಳ್ಳು ಥಟ್ಟನೆ ಪಕ್ಕಕ್ಕೆ ಹೊರಳುತ್ತದೆ. ಸೆಲ್ಲನ್ನು ತಿರುಗುಮುರುಗು ಮಾಡಿದರೆ ಮುಳ್ಳು ಇನ್ನೊಂದು ಪಕ್ಕಕ್ಕೆ ಹೊರಳುತ್ತದೆ. ಆದರೆ ಇದಕ್ಕೆ ಸೆಲ್ ಮಾತ್ರ ಬಳಸಿ. ಗೋಡೆಯ ಪ್ಲಗ್ಗಿನ ಹತ್ತಿರ ಆ ತಂತಿಯನ್ನು ಒಯ್ಯಲೇಬೇಡಿ, ಅದು ಜೀವಕ್ಕೆ ಅಪಾಯ.

1820ರಲ್ಲಿ ಕೋಪನ್‌ಹೇಗನ್ನಿನ ಪ್ರಾಧ್ಯಾಪಕ ಹ್ಯಾನ್ಸ್ ಕ್ರಿಶ್ಚಿಯನ್ ಓರ್ಸ್ಟೆಡ್ ಕಂಡದ್ದು ಇದನ್ನೇ. ಮುಳ್ಳು ಅಲುಗಿತು ಎಂಬುದಕ್ಕಿಂತ ಅದು ಯಾವ ಕಡೆಗೆ ಅಲುಗಿತು ಎಂಬುದು ನನಗೆ ಹೆಚ್ಚಿನ ಬೆರಗು. ಅದು ತಂತಿಯ ಕಡೆಗೆ ಎಳೆಯಲ್ಪಡಲಿಲ್ಲ, ತಂತಿಯಿಂದ ದೂರಕ್ಕೂ ತಳ್ಳಲ್ಪಡಲಿಲ್ಲ. ತಂತಿಗೆ ಅಡ್ಡಲಾಗಿ ನಿಲ್ಲಲು ಹೊರಟಿತು. ಭೂಮಿ ಕಲ್ಲನ್ನು ತನ್ನತ್ತ ಸೆಳೆಯುತ್ತದೆ, ವಿರುದ್ಧ ವಿದ್ಯುದಾವೇಶಗಳು ಒಂದನ್ನೊಂದು ನೇರವಾಗಿ ಸೆಳೆಯುತ್ತವೆ. ಅಲ್ಲಿಯವರೆಗೆ ಗೊತ್ತಿದ್ದ ಬಲಗಳೆಲ್ಲ ಹೀಗೆ ಎರಡು ವಸ್ತುಗಳನ್ನು ಸೇರಿಸುವ ಸರಳರೇಖೆಯಲ್ಲೇ ಕೆಲಸ ಮಾಡುತ್ತಿದ್ದವು. ಈ ಬಲವಾದರೋ ತಂತಿಯನ್ನು ಸುತ್ತುವರಿದಿತ್ತು. ನಿಮ್ಮ ಪಾಠದಲ್ಲಿ ತಂತಿಯ ಸುತ್ತ ಬಳೆಗಳಂತೆ ಬಿಡಿಸಿರುವ ಕಾಂತೀಯ ಬಲರೇಖೆಗಳು ಹುಟ್ಟಿದ್ದು ಇಲ್ಲಿಂದ. ಬಲಗೈ ನಿಯಮವೂ ಇದನ್ನೇ ಹೇಳುತ್ತದೆ. ಹೆಬ್ಬೆರಳು ವಿದ್ಯುತ್ ಪ್ರವಾಹದ ದಿಕ್ಕಿಗಿದ್ದರೆ, ಮಡಿಸಿದ ಬೆರಳುಗಳು ಕಾಂತಕ್ಷೇತ್ರ ಸುತ್ತುವ ದಿಕ್ಕನ್ನು ತೋರಿಸುತ್ತವೆ. ಮೊದಲು ಮುಳ್ಳನ್ನು ನೋಡಿ, ಆಮೇಲೆ ನಿಯಮ ಓದಿ. ಆಗ ಅದನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ಸುದ್ದಿ ಪ್ಯಾರಿಸ್ಸಿಗೆ ಮುಟ್ಟಿದ್ದೇ ತಡ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫ್ರೆಂಚ್ ವಿಜ್ಞಾನಿ ಆಂಪಿಯರ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಪ್ರವಾಹವನ್ನು ಅಳೆಯುವ ಮಾನಕ್ಕೆ ಇರುವುದು ಇವರದೇ ಹೆಸರು. ಒಂದೇ ದಿಕ್ಕಿನಲ್ಲಿ ಪ್ರವಾಹ ಹರಿಯುವ ಎರಡು ಸಮಾನಾಂತರ ತಂತಿಗಳು ಪರಸ್ಪರ ಆಕರ್ಷಿಸುತ್ತವೆ, ವಿರುದ್ಧ ದಿಕ್ಕಿನಲ್ಲಿ ಹರಿದರೆ ವಿಕರ್ಷಿಸುತ್ತವೆ. ಅಲ್ಲಿ ಕಬ್ಬಿಣವಿಲ್ಲ, ಕಾಂತವಿಲ್ಲ, ಇರುವುದು ಬರೀ ಪ್ರವಾಹ.

ಹಾಗಾದರೆ ತಂತಿಯೊಳಗೆ ಹರಿಯುವುದೇನು? ಎಲೆಕ್ಟ್ರಾನುಗಳು. ಒಂದು ಆಂಪಿಯರ್ ಪ್ರವಾಹವೆಂದರೆ ತಂತಿಯ ಯಾವುದೇ ಒಂದು ಜಾಗವನ್ನು ಪ್ರತಿ ಸೆಕೆಂಡಿಗೆ ದಾಟುವ ಎಲೆಕ್ಟ್ರಾನುಗಳ ಸಂಖ್ಯೆ, ಸುಮಾರಾಗಿ 6 ಬರೆದು ಮುಂದೆ 18 ಸೊನ್ನೆ ಹಾಕಿದಷ್ಟು. ಇಷ್ಟೊಂದು ಎಲೆಕ್ಟ್ರಾನುಗಳು ಮಿಂಚಿನ ವೇಗದಲ್ಲಿ ಓಡುತ್ತಿರಬೇಕು ಎಂದು ನಿಮಗನ್ನಿಸಬಹುದು. ಲೆಕ್ಕ ಹಾಕಿದರೆ ಬೇರೆಯೇ ಉತ್ತರ ಬರುತ್ತದೆ. ಅಡ್ಡ ಕತ್ತರಿಸಿದ ಮುಖದ ವಿಸ್ತೀರ್ಣ ಒಂದು ಚದರ ಮಿಲಿಮೀಟರ್ ಇರುವ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಹರಿಯುವಾಗ ಎಲೆಕ್ಟ್ರಾನುಗಳು ಸರಾಸರಿ ಮುಂದೆ ಸರಿಯುವುದು ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್ ಮಾತ್ರ. ಒಂದು ಮೀಟರ್ ಸಾಗಲು ಹೆಚ್ಚುಕಡಿಮೆ ನಾಲ್ಕು ಗಂಟೆ ಬೇಕು! ಹಾಗಿದ್ದೂ ಸ್ವಿಚ್ ಒತ್ತಿದೊಡನೆ ದೀಪ ಹೊತ್ತುತ್ತದೆ. ಏಕೆಂದರೆ ತಂತಿಯ ಉದ್ದಕ್ಕೂ ಎಲೆಕ್ಟ್ರಾನುಗಳು ಮೊದಲೇ ತುಂಬಿವೆ. ನೀರು ತುಂಬಿ ನಿಂತಿರುವ ಕೊಳವೆಯಲ್ಲಿ ನಲ್ಲಿ ತಿರುಗಿಸಿದ ಕೂಡಲೇ ಆ ತುದಿಯಲ್ಲಿ ನೀರು ಬೀಳುವ ಹಾಗೆ, ಸ್ವಿಚ್ ಒತ್ತಿದಾಗ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಸರಿಯತೊಡಗುತ್ತವೆ. ಆ ನಿಧಾನದ ಸರಿದಾಟವೇ ನಿಮ್ಮ ಮೇಜಿನ ಮೇಲಿನ ಮುಳ್ಳನ್ನು ತಿರುಗಿಸಿದ್ದು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ಪ್ರವಾಹದ ದಿಕ್ಕು ಧನಾಗ್ರದಿಂದ ಋಣಾಗ್ರಕ್ಕೆ ಎಂದು ಓದುತ್ತೀರಿ, ಎಲೆಕ್ಟ್ರಾನುಗಳಾದರೋ ಅದಕ್ಕೆ ಎದುರಾಗಿ ಸಾಗುತ್ತವೆ. 1897ರಲ್ಲಿ ಎಲೆಕ್ಟ್ರಾನ್ ಪತ್ತೆಯಾಗುವ ಎಷ್ಟೋ ಮೊದಲೇ ಪ್ರವಾಹದ ದಿಕ್ಕು ನಿಗದಿಯಾಗಿತ್ತು, ಹಾಗೆಯೇ ಉಳಿದುಕೊಂಡಿತು. ಬಲಗೈ ನಿಯಮಕ್ಕೆ ಆ ಹಳೆಯ ದಿಕ್ಕನ್ನೇ ಹಿಡಿಯಿರಿ.

ಪ್ರವಾಹದಿಂದ ಕಾಂತತ್ವ ಬರುವುದಾದರೆ ಕಾಂತತ್ವದಿಂದ ಪ್ರವಾಹ ಬರಬಾರದೇ? ಈ ಪ್ರಶ್ನೆಯನ್ನು ಬಿಡದೆ ಬೆನ್ನಟ್ಟಿದವರು ಮೈಕೆಲ್ ಫ್ಯಾರಡೆ. ಶಾಲೆಯಲ್ಲಿ ಹೆಚ್ಚು ಓದಲಾಗದೆ, ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿಯುತ್ತಾ ಅದೇ ಪುಸ್ತಕಗಳನ್ನು ಓದಿಕೊಂಡು ಬೆಳೆದವರು. 1831ರ ಆಗಸ್ಟ್ 29ರಂದು ಅವರು ಒಂದು ಕಬ್ಬಿಣದ ಉಂಗುರಕ್ಕೆ ಎರಡು ಕಡೆ ಬೇರೆ ಬೇರೆಯಾಗಿ ತಂತಿ ಸುತ್ತಿದರು. ಒಂದು ಸುರುಳಿಯನ್ನು ಬ್ಯಾಟರಿಗೆ ಜೋಡಿಸುವುದು, ಇನ್ನೊಂದರ ತಂತಿ ದೂರದಲ್ಲಿದ್ದ ಒಂದು ಕಾಂತದ ಮುಳ್ಳಿನ ಮೇಲೆ ಹಾಯುವುದು. ಮತ್ತೆ ಅದೇ ಮುಳ್ಳು! ಬ್ಯಾಟರಿ ಜೋಡಿಸಿದ ಕ್ಷಣ ಮುಳ್ಳು ತುಯ್ದಾಡಿ ಮೊದಲಿನ ಜಾಗಕ್ಕೆ ಬಂದು ನಿಂತಿತು. ಬ್ಯಾಟರಿ ಕಳಚಿದ ಕ್ಷಣ ಮತ್ತೊಮ್ಮೆ ತುಯ್ದಾಡಿತು. ನಡುವೆ ಪ್ರವಾಹ ಒಂದೇ ಸಮನೆ ಹರಿಯುತ್ತಿದ್ದಷ್ಟು ಹೊತ್ತೂ ಅದು ಸುಮ್ಮನಿತ್ತು. ಕಾಂತತ್ವ ಇದ್ದರೆ ಸಾಲದು, ಅದು ಬದಲಾಗುತ್ತಿರಬೇಕು. ಸುರುಳಿಯೊಳಗೆ ದಂಡಕಾಂತವನ್ನು ಇಟ್ಟು ಎಷ್ಟು ಕಾದರೂ ಪ್ರವಾಹವಿಲ್ಲ. ಒಳಗೆ ತಳ್ಳುವಾಗ ಉಂಟು, ಹೊರಗೆ ಎಳೆಯುವಾಗ ಉಂಟು. ಅದೂ ದಿಕ್ಕು ಬದಲಿಸಿಕೊಂಡು. ಬೇಗ ತಳ್ಳಿದಷ್ಟೂ ಹೆಚ್ಚು. ಇದೇ ವಿದ್ಯುತ್ಕಾಂತೀಯ ಪ್ರೇರಣೆ.

ಅಣೆಕಟ್ಟಿನ ನೀರು ತಿರುಗಿಸುವ ಜನರೇಟರ್ ನಡೆಯುವುದೂ ಇದರಿಂದಲೇ. ಆದರೆ ಆ ವಿದ್ಯುತ್ತು ಪುಕ್ಕಟೆಯಾಗಿ ಬರುವುದಿಲ್ಲ. ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಕೈಯಿಂದ ತಿರುಗಿಸುವ ಡೈನಮೋ ಇದ್ದರೆ ಕೇಳಿ ಪಡೆಯಿರಿ. ಬಲ್ಬ್ ಜೋಡಿಸದೆ ಹಿಡಿಯನ್ನು ತಿರುಗಿಸಿ, ಅದು ಸಲೀಸಾಗಿ ಸುತ್ತುತ್ತದೆ. ಸುತ್ತುತ್ತಿರುವಾಗಲೇ ಗೆಳೆಯರೊಬ್ಬರು ಬಲ್ಬ್ ಜೋಡಿಸಲಿ. ದೀಪ ಹೊತ್ತಿದ ಆ ಕ್ಷಣವೇ ಹಿಡಿ ನಿಮ್ಮ ಅಂಗೈಯಲ್ಲಿ ಭಾರವಾಗುತ್ತದೆ. ಸುರುಳಿಯಲ್ಲಿ ಹುಟ್ಟಿದ ಪ್ರವಾಹ ತಾನೇ ಕಾಂತವಾಗಿ ನಿಮ್ಮ ಕೈಗೆ ಎದುರು ನಿಂತಿರುತ್ತದೆ. ಬಲ್ಬ್ ಕಳಚಿದರೆ ಹಿಡಿ ಮತ್ತೆ ಹಗುರ.