ಅಲೆದಾಡುವ ಅರಾಮ್ಯನ ಮಕ್ಕಳು

ಎಲ್ಲರಿಗೂ ನಮಸ್ಕಾರ.

ಇಬ್ರಿಯರ, ಅಂದರೆ ಹಳೆಯ ಇಸ್ರಾಯೇಲರ, ಮೂಲಪುರುಷರ ಬಗ್ಗೆ ಮಾತಾಡಬೇಕು ಅಂದಾಗ ನನಗೆ ಮೊದಲು ನೆನಪಾಗಿದ್ದು ಒಂದು ಬುಟ್ಟಿ. ಹಳೆಯ ಇಸ್ರಾಯೇಲಿನಲ್ಲಿ ರೈತ ತನ್ನ ಹೊಲದ ಮೊದಲ ಫಲವನ್ನು ಬುಟ್ಟಿಯಲ್ಲಿ ತುಂಬಿಕೊಂಡು ದೇವರ ಸನ್ನಿಧಿಗೆ ಹೋಗಬೇಕಿತ್ತು. ಯಾಜಕನ ಕೈಗೆ ಅದನ್ನು ಕೊಟ್ಟು ನಾಲ್ಕು ಮಾತು ಹೇಳಬೇಕಿತ್ತು. ಏನು ಹೇಳಬೇಕು ಅನ್ನುವುದು ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿದೆ. ಮಾತು ಶುರುವಾಗುವುದು ಹೀಗೆ: ಅಲೆದಾಡುವ ಅರಾಮ್ಯನೊಬ್ಬ ನನ್ನ ತಂದೆ. ಅರಾಮ್ಯ ಅಂದರೆ ಸಿರಿಯಾ ಕಡೆಯವನು.

ಸ್ವಲ್ಪ ನಿಂತು ಯೋಚಿಸಿ. ಕೈಯಲ್ಲಿ ಸ್ವಂತ ಹೊಲದ ಬೆಳೆ ಇದೆ. ಮಳೆ ಬಂದಿದೆ, ಕಣ ತುಂಬಿದೆ. ಆ ಹೊತ್ತಿನಲ್ಲಿ ಅವನು ಬಾಯಿಬಿಟ್ಟು ಹೇಳುತ್ತಾನೆ: ನಮ್ಮ ಹಿರಿಯನಿಗೆ ನೆಲ ಇರಲಿಲ್ಲ, ಅವನು ಈ ಊರಿನವನೂ ಆಗಿರಲಿಲ್ಲ. ಸೂರ್ಯವಂಶ, ಚಂದ್ರವಂಶ ಅಂತ ಹೇಳಿಕೊಂಡ ರಾಜರ ಕತೆ ನಮಗೆ ಬೇಕಾದಷ್ಟು ಗೊತ್ತು. ಹೊಟ್ಟೆ ತುಂಬಿದ ದಿನವೇ ಹಸಿದ ಅಜ್ಜನನ್ನು ನೆನೆಯಿರಿ ಎಂದು ನಿಯಮ ಮಾಡಿಕೊಂಡ ಜನ ಅಪರೂಪ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಹೆಚ್ಚಾಗಿ ಇದನ್ನೇ.

ಕತೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿದೆ. ತೆರಹ ಎಂಬವನು ಮಗ ಅಬ್ರಾಮ, ಸೊಸೆ ಸಾರಯ, ಮೊಮ್ಮಗ ಲೋಟ ಇವರನ್ನು ಕರೆದುಕೊಂಡು 'ಕಸ್ದೀಯರ ಊರ್' ಎಂಬ ಪಟ್ಟಣದಿಂದ ಹೊರಟ. ಕಾನಾನ್ ದೇಶಕ್ಕೆ, ಅಂದರೆ ಇವತ್ತಿನ ಇಸ್ರೇಲ್-ಪ್ಯಾಲೆಸ್ತೀನ್ ಸೀಮೆಗೆ, ಹೋಗಬೇಕು ಅಂತ ಹೊರಟವನು ಖಾರಾನಿನಲ್ಲೇ ಉಳಿದುಬಿಟ್ಟ, ಅಲ್ಲೇ ಸತ್ತ. ಅಪ್ಪ ಅರ್ಧಕ್ಕೆ ನಿಲ್ಲಿಸಿದ ಪಯಣವನ್ನು ಮಗ ಮುಂದುವರಿಸಿದ. ಆಗ ಅಬ್ರಾಮನಿಗೆ 75 ವರ್ಷ. ಮುಂದೆ ಇವನೇ ಅಬ್ರಹಾಮ ಆದ, ಸಾರಯಳೇ ಸಾರಾ ಆದಳು.

ಈ 'ಊರ್' ಅಂದ ಕೂಡಲೇ ನಮ್ಮ 'ಊರು' ನೆನಪಾಗುತ್ತದೆ, ಅಲ್ವಾ? ಎರಡಕ್ಕೂ ನಂಟಿಲ್ಲ. ಅದು ದಕ್ಷಿಣ ಇರಾಕಿನ ಸುಮೇರಿಯನ್ ಪಟ್ಟಣ, ಅಲ್ಲಿನವರು ಅದನ್ನು 'ಉರಿಮ್' ಎನ್ನುತ್ತಿದ್ದರು. ಪುರಾತತ್ವಜ್ಞ ಲಿಯೊನಾರ್ಡ್ ವೂಲಿ 1922ರಿಂದ 1934ರವರೆಗೆ ಅಲ್ಲಿ ಅಗೆದರು. ರಾಜರ ಸಮಾಧಿಗಳು, ಚಿನ್ನ, ವೀಣೆಗಳು, ಚಂದ್ರದೇವನ ದೊಡ್ಡ ಗುಡಿ ಎಲ್ಲ ಸಿಕ್ಕವು. ಇವತ್ತಿನ ಟರ್ಕಿಯಲ್ಲಿರುವ ಖಾರಾನ್ ಕೂಡ ಚಂದ್ರದೇವನ ಕ್ಷೇತ್ರವೇ ಆಗಿತ್ತು. ಅಂಥ ತುಂಬಿದ ಪಟ್ಟಣಗಳನ್ನು ಬಿಟ್ಟು ಗುಡಾರದಲ್ಲಿ ಬದುಕಲು ಹೊರಟವನನ್ನು ಈ ಜನ ತಮ್ಮ ಮೊದಲಿಗ ಎಂದರು.

'ಇಬ್ರಿಯ' ಎಂಬ ಹೆಸರಿನಲ್ಲೂ ಇದೇ ವಾಸನೆ ಇದೆ. ಹೀಬ್ರೂ ಭಾಷೆಯಲ್ಲಿ 'ಆವರ್' ಅಂದರೆ ದಾಟು. ನದಿಯ ಆಚೆ ದಡದಿಂದ ದಾಟಿ ಬಂದವನು ಇಬ್ರಿಯ ಎಂಬುದು ಒಂದು ವಿವರಣೆ. ಅಬ್ರಾಮನ ಪೂರ್ವಜ ಏಬೆರನಿಂದ ಬಂತು ಎಂಬುದು ಇನ್ನೊಂದು. ಮೂರನೆಯದು ಈಜಿಪ್ಟಿನಿಂದ ಬಂದದ್ದು. 1887ರಲ್ಲಿ ಅಲ್ಲಿನ ಅಮರ್ನಾದಲ್ಲಿ ಮಣ್ಣಿನ ಹಲಗೆಗಳ ಮೇಲೆ ಬರೆದ ಪತ್ರಗಳು ಸಿಕ್ಕವು. ಅವು ಕ್ರಿ.ಪೂ. 14ನೇ ಶತಮಾನದವು. ಕಾನಾನಿನ ಸಣ್ಣ ಸಣ್ಣ ಅರಸರು ಈಜಿಪ್ಟಿನ ದೊರೆ ಫರೋಹನಿಗೆ ದೂರು ಬರೆಯುತ್ತಾರೆ: ಹಪಿರುಗಳ ಕಾಟ ತಡೆಯಲು ಆಗುತ್ತಿಲ್ಲ ಎಂದು. ಹಪಿರು ಅಂದರೆ ನೆಲೆ ತಪ್ಪಿದವರು, ಯಾವ ಅರಸನಿಗೂ ಸೇರದವರು. ಅದು ಕುಲದ ಹೆಸರಲ್ಲ, ಸ್ಥಿತಿಯ ಹೆಸರು. ಹಪಿರು ಮತ್ತು ಇಬ್ರಿಯ ಒಂದೇನಾ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಆದರೆ ಬೈಬಲಿನಲ್ಲಿ 'ಇಬ್ರಿಯ' ಎಂಬ ಪದ ಹೆಚ್ಚಾಗಿ ಹೊರಗಿನವರ ಬಾಯಲ್ಲಿ, ಇಲ್ಲವೇ ಹೊರಗಿನವರ ಎದುರು ಬರುತ್ತದೆ. ತಮ್ಮೊಳಗೆ ಮಾತಾಡುವಾಗ ಅವರು ಇಸ್ರಾಯೇಲರು.

ಈಗ ಆ ಹಿರಿಯರನ್ನು ಹತ್ತಿರದಿಂದ ನೋಡೋಣ. ಮೂವರು ಮುಖ್ಯರು: ಅಬ್ರಹಾಮ, ಅವನ ಮಗ ಇಸಾಕ, ಇಸಾಕನ ಮಗ ಯಾಕೋಬ. ಇಸಾಕನ ಬಗ್ಗೆ ಕತೆ ಕಡಿಮೆ. ಬಾವಿ ತೋಡುತ್ತಾನೆ, ಜಗಳಕ್ಕೆ ಬಂದರೆ ಬಿಟ್ಟು ಮುಂದೆ ಹೋಗಿ ಇನ್ನೊಂದು ತೋಡುತ್ತಾನೆ. ಅವನ ಹೆಸರಿಗೆ 'ನಗುತ್ತಾನೆ' ಎಂದು ಅರ್ಥ. ತೊಂಬತ್ತರ ಹತ್ತಿರದಲ್ಲಿ ತನಗೆ ಮಗು ಆಗುತ್ತದೆ ಎಂದು ಕೇಳಿ ಸಾರಾ ಗುಡಾರದ ಬಾಗಿಲಲ್ಲಿ ನಕ್ಕಳಲ್ಲ, ಆ ನಗುವೇ ಮಗನ ಹೆಸರಿನಲ್ಲಿ ಉಳಿಯಿತು.

ಯಾಕೋಬನ ಕತೆಯೇ ಬೇರೆ. ಅವನು ಹುಟ್ಟುವಾಗಲೇ ಅಣ್ಣ ಏಸಾವನ ಹಿಮ್ಮಡಿ ಹಿಡಿದುಕೊಂಡಿದ್ದ. ಕಣ್ಣು ಮಂಜಾದ ಅಪ್ಪನ ಮುಂದೆ ಕೈಗೆ ಮೇಕೆಮರಿಯ ಚರ್ಮ ಕಟ್ಟಿಕೊಂಡು ನಿಂತು, ಅಣ್ಣನಿಗೆ ಸಿಗಬೇಕಾದ ಆಶೀರ್ವಾದ ಹೊಡೆದುಕೊಂಡ. ಆಮೇಲೆ ಜೀವ ಉಳಿಸಿಕೊಳ್ಳಲು ಸೋದರಮಾವ ಲಾಬಾನನ ಮನೆಗೆ ಓಡಿದ. ರಾಹೇಲಳಿಗಾಗಿ ಏಳು ವರ್ಷ ದುಡಿದ. ಮದುವೆಯ ರಾತ್ರಿ ಕಳೆದು ಬೆಳಗಾದಾಗ ನೋಡಿದರೆ ಪಕ್ಕದಲ್ಲಿದ್ದವಳು ಅಕ್ಕ ಲೇಯ. ಕತ್ತಲಲ್ಲಿ ಅಪ್ಪನಿಗೆ ಮೋಸ ಮಾಡಿದವನಿಗೆ ಕತ್ತಲಲ್ಲೇ ಮೋಸ ಆಯಿತು. ಮತ್ತೆ ಏಳು ವರ್ಷ ದುಡಿಮೆ. ಅಷ್ಟಕ್ಕೇ ಮುಗಿಯಲಿಲ್ಲ. ಮುದುಕನಾದ ಮೇಲೆ ಅವನ ಗಂಡುಮಕ್ಕಳು ತಮ್ಮ ಯೋಸೇಫನನ್ನು ಮಾರಿಬಿಟ್ಟು, ಅವನ ಅಂಗಿಯನ್ನು ರಕ್ತದಲ್ಲಿ ಅದ್ದಿ ತಂದು ಅಪ್ಪನ ಮುಂದೆ ಹಿಡಿದರು. ಯಾವ ರಕ್ತ? ಮೇಕೆಯದು. ಮೇಕೆಯ ಚರ್ಮದಿಂದ ಅಪ್ಪನನ್ನು ನಂಬಿಸಿದವನು ಮೇಕೆಯ ರಕ್ತವನ್ನು ನಂಬಿ ಅತ್ತ. ಕತೆ ಹೇಳಿದವನು ಇದನ್ನು ಎಲ್ಲೂ ಬಿಡಿಸಿ ಹೇಳುವುದಿಲ್ಲ. ಸುಮ್ನೆ ಮೇಕೆಯನ್ನು ಎರಡು ಸಲ ತಂದು ಬಿಟ್ಟು ಹೋಗುತ್ತಾನೆ. ನಾನು ಎಷ್ಟು ಸಲ ಓದಿದರೂ ಈ ಜಾಗದಲ್ಲಿ ನಿಂತುಬಿಡುತ್ತೇನೆ.

ಇಡೀ ಜನಾಂಗದ ಹೆಸರು ಬಂದದ್ದು ಇದೇ ಯಾಕೋಬನಿಂದ. ಇಪ್ಪತ್ತು ವರ್ಷದ ನಂತರ ಅಣ್ಣನನ್ನು ಎದುರಿಸಲು ವಾಪಸ್ಸು ಬರುವಾಗ, ಯಬ್ಬೋಕ್ ಹೊಳೆಯ ದಡದಲ್ಲಿ ರಾತ್ರಿಯಿಡೀ ಒಬ್ಬ ಅಪರಿಚಿತ ಅವನ ಜೊತೆ ಕುಸ್ತಿ ಆಡುತ್ತಾನೆ. ಬೆಳಗಾಗುವಾಗ 'ಇಸ್ರಾಯೇಲ್' ಎಂಬ ಹೊಸ ಹೆಸರು ಕೊಡುತ್ತಾನೆ. ದೇವರೊಂದಿಗೆ ಸೆಣಸಿದವನು ಎಂದು ಆದಿಕಾಂಡ ಅದರ ಅರ್ಥ ಹೇಳುತ್ತದೆ. ಯಾಕೋಬ ಗೆದ್ದ, ಆದರೆ ತೊಡೆಯ ಕೀಲು ತಪ್ಪಿ ಕುಂಟುತ್ತಾ ಹೋದ. ಇವತ್ತಿಗೂ ಸಂಪ್ರದಾಯಸ್ಥ ಯೆಹೂದ್ಯರು ಪ್ರಾಣಿಯ ತೊಡೆಯ ಆ ನರವನ್ನು ತಿನ್ನುವುದಿಲ್ಲ. ಒಬ್ಬ ಅಜ್ಜನ ಕುಂಟು ಅಡುಗೆಮನೆಯ ನಿಯಮವಾಗಿ ಉಳಿದಿದೆ.

ಇವರೆಲ್ಲ ನಿಜವಾಗಿ ಇದ್ದರಾ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು.

ಅಬ್ರಹಾಮನ ಹೆಸರಿರುವ ಅವನ ಕಾಲದ ಬರಹ ಒಂದೂ ಸಿಕ್ಕಿಲ್ಲ. 20ನೇ ಶತಮಾನದ ನಡುವೆ ವಿಲಿಯಂ ಆಲ್‌ಬ್ರೈಟ್‌ ಅವರಂಥ ವಿದ್ವಾಂಸರಿಗೆ ಅವನ ಕಾಲವನ್ನು ಗುರುತಿಸಬಹುದು ಎಂದು ತುಂಬಾ ಭರವಸೆ ಇತ್ತು. ಇರಾಕಿನ ಕಿರ್ಕುಕ್ ಹತ್ತಿರದ ನೂಜಿಯಲ್ಲಿ ಸಿಕ್ಕ ಮದುವೆ ಕರಾರುಗಳಲ್ಲಿ, ಹೆಂಡತಿಗೆ ಮಕ್ಕಳಾಗದಿದ್ದರೆ ಅವಳೇ ಗಂಡನಿಗೆ ದಾಸಿಯನ್ನು ತಂದುಕೊಡಬೇಕು ಎಂದಿತ್ತು. ಸಾರಾ ತನ್ನ ದಾಸಿ ಹಾಗರಳನ್ನು ಅಬ್ರಹಾಮನಿಗೆ ಕೊಟ್ಟದ್ದೂ ಹೀಗೇ ಅಲ್ಲವೇ ಎಂದರು. 1970ರ ದಶಕದಲ್ಲಿ ಥಾಮಸ್ ಥಾಂಪ್ಸನ್ ಮತ್ತು ಜಾನ್ ವ್ಯಾನ್ ಸೀಟರ್ಸ್ ಇದನ್ನು ಒರೆಗೆ ಹಚ್ಚಿದರು. ಇಂಥ ಪದ್ಧತಿ ಬೇರೆ ಬೇರೆ ಕಾಲದಲ್ಲೂ ಇತ್ತು, ಅದರಿಂದ ಅಬ್ರಹಾಮನ ಕಾಲ ಹೇಳಲು ಆಗುವುದಿಲ್ಲ ಎಂದರು. ಕತೆಯೊಳಗೇ ಎಡವುವ ಜಾಗಗಳೂ ಇವೆ. ಇಸಾಕನಿಗೆ ಹೆಣ್ಣು ತರಲು ಹೋದ ಸೇವಕ ಹತ್ತು ಒಂಟೆ ತೆಗೆದುಕೊಂಡು ಹೋಗುತ್ತಾನೆ. ಆದರೆ ಆ ಭಾಗದಲ್ಲಿ ಸಾಕಿದ ಒಂಟೆ ಬಳಕೆಗೆ ಬಂದದ್ದು ಕ್ರಿ.ಪೂ. 10ನೇ ಶತಮಾನದ ಹೊತ್ತಿಗೆ ಎಂದು ಮೃತ ಸಮುದ್ರದ ದಕ್ಷಿಣಕ್ಕಿರುವ ಅರಾವ ಕಣಿವೆಯ ತಾಮ್ರದ ಗಣಿಗಳಲ್ಲಿ ಸಿಕ್ಕ ಮೂಳೆಗಳು ತೋರಿಸುತ್ತವೆ. ಇಸಾಕನ ಕತೆಯಲ್ಲಿ ಬರುವ ಫಿಲಿಷ್ಟಿಯರು ಅಲ್ಲಿ ನೆಲೆಸಿದ್ದು ಕ್ರಿ.ಪೂ. 12ನೇ ಶತಮಾನದಲ್ಲಿ. ಕಸ್ದೀಯರು ಎಂಬ ಜನ ಊರ್ ಕಡೆ ಬಂದದ್ದು ಇನ್ನೂ ಆಮೇಲೆ, ಹಾಗಾಗಿ 'ಕಸ್ದೀಯರ ಊರ್' ಎಂಬ ಮಾತೂ ತಡವಾಗಿ ಬಂದದ್ದೇ. ಅಂದರೆ ಈ ಕತೆಗಳು ಈಗಿನ ರೂಪಕ್ಕೆ ಬಂದದ್ದು ಅವು ಹೇಳುವ ಕಾಲಕ್ಕಿಂತ ಬಹಳ ಆಮೇಲೆ.

ವಯಸ್ಸುಗಳನ್ನೇ ನೋಡಿ. ಅಬ್ರಹಾಮ 175, ಇಸಾಕ 180, ಯಾಕೋಬ 147 ವರ್ಷ ಬದುಕಿದರು. 175 ಅಂದರೆ ಏಳು ಸಲ ಐದೈದಲ. 180 ಅಂದರೆ ಐದು ಸಲ ಆರಾರಲ. 147 ಅಂದರೆ ಮೂರು ಸಲ ಏಳೇಳಲ. ಏಳು, ಐದು, ಮೂರು ಇಳಿಯುತ್ತಾ ಬರುತ್ತವೆ. ಐದು, ಆರು, ಏಳು ಏರುತ್ತಾ ಹೋಗುತ್ತವೆ. ಐದೈದಲ, ಆರಾರಲ, ಏಳೇಳಲ ಮೂರನ್ನೂ ಕೂಡಿಸಿದರೆ 110. ಅದು ಯೋಸೇಫನ ಆಯುಷ್ಯ! ಇದು ಜನನ ಮರಣದ ಲೆಕ್ಕದ ಪುಸ್ತಕ ಆಗಿರಲಾರದು. ಯಾರೋ ಪ್ರೀತಿಯಿಂದ ಕೂತು ನೇಯ್ದದ್ದು.

ಹಾಗಾದರೆ ಇಸ್ರಾಯೇಲ್ ಎಂಬ ಜನ ಮೊದಲು ಕಾಣಿಸುವುದು ಎಲ್ಲಿ? ಈಜಿಪ್ಟಿನ ಫರೋಹ ಮೆರ್ನೆಪ್ತಾನ ಶಾಸನದಲ್ಲಿ. ಕ್ರಿ.ಪೂ. 1208ರ ಸುಮಾರಿನದು, 1896ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಅವರಿಗೆ ಸಿಕ್ಕಿತು. ಇಸ್ರಾಯೇಲ್ ಹಾಳಾಯಿತು, ಅದರ ಬೀಜ ಉಳಿಯಲಿಲ್ಲ ಎಂದು ಫರೋಹ ಬರೆಸಿದ. ಪಕ್ಕದ ಪಟ್ಟಣಗಳ ಹೆಸರಿಗೆ ನಾಡು ಎಂಬ ಚಿತ್ರಗುರುತು ಇದೆ. ಇಸ್ರಾಯೇಲಿಗೆ ಮಾತ್ರ ಜನ ಎಂಬ ಗುರುತು: ಒಬ್ಬ ಗಂಡಸು, ಒಬ್ಬ ಹೆಂಗಸು, ಮೂರು ಗೀಟು. ಅವರ ಹೆಸರಿನ ಮುಂದೆ ಅಲ್ಲೂ ನೆಲ ಇಲ್ಲ.

ಅದೇ ಕಾಲದಿಂದ ಕಾನಾನಿನ ನಡುಗುಡ್ಡಗಳಲ್ಲಿ ನೂರಾರು ಸಣ್ಣ ಹಳ್ಳಿಗಳು ಹೊಸದಾಗಿ ಎದ್ದವು. ಕೋಟೆ ಇಲ್ಲ, ಅರಮನೆ ಇಲ್ಲ. ದೊಡ್ಡ ಗುಡಾಣಗಳು, ಬೆಟ್ಟದ ಹೊಲಗಳು, ಹಂದಿಯ ಮೂಳೆ ತೀರ ಕಡಿಮೆ. ಅವರ ಮಡಕೆಗಳು ಕಾನಾನ್ಯರ ಮಡಕೆಗಳ ಹಾಗೇ ಇವೆ. ಹಾಗಾಗಿ ಈ ಹಳ್ಳಿಗರಲ್ಲಿ ಹೆಚ್ಚಿನವರು ಕಾನಾನಿನವರೇ ಎಂದು ಇಂದಿನ ಬಹಳಷ್ಟು ಪುರಾತತ್ವಜ್ಞರು ಹೇಳುತ್ತಾರೆ. ಇದು ಬೈಬಲಿಗೂ ಹೊಸ ವಿಷಯ ಅಲ್ಲ. ಪ್ರವಾದಿ ಯೆಹೆಜ್ಕೇಲ ಜೆರುಸಲೇಮಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾನೆ: ನಿನ್ನ ಹುಟ್ಟು ಕಾನಾನ್ ದೇಶದ್ದು, ನಿನ್ನ ಅಪ್ಪ ಅಮೋರಿಯ, ನಿನ್ನ ಅಮ್ಮ ಹಿತ್ತಿಯಳು.

ನನಗೆ ಅನ್ನಿಸುವುದು ಇಷ್ಟು. ಬೇರೆ ಬೇರೆ ಗುಂಪುಗಳು ಬೇರೆ ಬೇರೆ ಅಜ್ಜಂದಿರ ಕತೆ ಹಿಡಿದುಕೊಂಡು ಬಂದವು. ಯಾಕೋಬನ ಕತೆ ನಡೆಯುವುದು ಬೇತೇಲ್, ಶೆಕೆಮ್ ಕಡೆ, ಉತ್ತರದಲ್ಲಿ. ಅಬ್ರಹಾಮನದು ಹೆಬ್ರೋನ್, ಬೇರ್ಷೆಬ ಕಡೆ, ದಕ್ಷಿಣದಲ್ಲಿ. ಕ್ರಿ.ಪೂ. 722ರ ಸುಮಾರಿಗೆ ಅಸ್ಸೀರಿಯರು ಇಸ್ರಾಯೇಲರ ಉತ್ತರದ ರಾಜ್ಯವನ್ನು ಮುಗಿಸಿದರು. ಮನೆ ಕಳೆದುಕೊಂಡ ಜನ ತಮ್ಮ ಅಜ್ಜನ ಕತೆಯನ್ನು ಹೊತ್ತು ದಕ್ಷಿಣಕ್ಕೆ ಬಂದಿರಬೇಕು. ಅಲ್ಲಿ ಅಜ್ಜಂದಿರು ನೆಂಟರಾದರು: ಒಬ್ಬ ತಾತ, ಒಬ್ಬ ಮಗ, ಒಬ್ಬ ಮೊಮ್ಮಗ. ಮುಂದೆ ಜೆರುಸಲೇಮೂ ಬಿದ್ದು ಜನ ಇರಾಕಿನ ಬಾಬೆಲಿಗೆ ಸೆರೆಹೋದಾಗ, 'ಊರ್' ಪಟ್ಟಣದಿಂದ ಹೊರಟ ಅಬ್ರಹಾಮನ ಕತೆ ಅವರಿಗೆ ಎಷ್ಟು ಹತ್ತಿರ ಆಗಿರಬೇಕು! ಅವನು ಹೊರಟದ್ದೂ ಆ ಸೀಮೆಯಿಂದಲೇ.

ಅಬ್ರಹಾಮನಿಗೆ ದೇವರು ಇಡೀ ನಾಡನ್ನೇ ಕೊಡುತ್ತೇನೆ ಎಂದಿದ್ದ. ಅವನು ದುಡ್ಡು ಕೊಟ್ಟು ಕೊಂಡ ನೆಲ ಎಷ್ಟು ಗೊತ್ತಾ? ಹೆಂಡತಿಯನ್ನು ಹೂಳಲು ಒಂದು ಹೊಲ, ಅದರ ಅಂಚಿನ ಗುಹೆ. ಸಾರಾ 127 ವರ್ಷದವಳಾಗಿ ಹೆಬ್ರೋನಿನಲ್ಲಿ ತೀರಿಕೊಂಡಳು. ಅಬ್ರಹಾಮ ಅತ್ತು, ಎದ್ದು, ಊರಬಾಗಿಲಿಗೆ ಹೋಗಿ ಅಲ್ಲಿನ ಹಿತ್ತಿಯರಿಗೆ ತಲೆಬಾಗಿ ಹೇಳಿದ: ನಾನು ನಿಮ್ಮ ನಡುವೆ ಪರದೇಶಿ, ನನ್ನವಳನ್ನು ಹೂಳಲು ಜಾಗ ಕೊಡಿ. ಹೊಲದ ಒಡೆಯ ಎಫ್ರೋನ ಮೊದಲು, ದುಡ್ಡು ಯಾಕೆ ಸ್ವಾಮಿ, ಹಾಗೇ ತಗೊಳ್ಳಿ ಅಂದ. ಅಬ್ರಹಾಮ ಒಪ್ಪಲಿಲ್ಲ. ಆಗ ಎಫ್ರೋನ, ನಾನೂರು ಶೆಕೆಲ್ ಬೆಲೆಯ ಜಮೀನು, ನಿಮಗೂ ನನಗೂ ಅದೇನು ಮಹಾ ಅಂದ. ಬೆಲೆ ಹೇಳಿಯಾಯಿತು! ಆಮೇಲೆ ಪ್ರವಾದಿ ಯೆರೆಮೀಯ ಒಂದು ಹೊಲ ಕೊಂಡದ್ದು 17 ಶೆಕೆಲಿಗೆ. ಅಬ್ರಹಾಮ ಚೌಕಾಸಿ ಮಾಡಲಿಲ್ಲ. 400 ಶೆಕೆಲ್, ಹತ್ತಿರ ಹತ್ತಿರ ನಾಲ್ಕೂವರೆ ಕಿಲೋ ಬೆಳ್ಳಿ ತೂಗಿಕೊಟ್ಟ. ಹೊಲ, ಗುಹೆ, ಹೊಲದ ಮರಗಳು ಎಂದು ಕ್ರಯಪತ್ರದ ಹಾಗೆ ಆದಿಕಾಂಡ ಒಂದೊಂದನ್ನೂ ಬರೆದಿದೆ.

ಆ ಮಕ್ಪೇಲದ ಗುಹೆ ಎಂದು ನಂಬುವ ಜಾಗದ ಸುತ್ತ ಹೆರೋದ ರಾಜ ಕಟ್ಟಿಸಿದ ಕಲ್ಲಿನ ಗೋಡೆ ಎರಡು ಸಾವಿರ ವರ್ಷದಿಂದ ನಿಂತಿದೆ. ಇವತ್ತು ಅದರೊಳಗೆ ಒಂದು ಕಡೆ ಮಸೀದಿ, ಒಂದು ಕಡೆ ಯೆಹೂದ್ಯರ ಪ್ರಾರ್ಥನಾಲಯ, ನಡುವೆ ಕಾವಲು. 1994ರಲ್ಲಿ ಒಬ್ಬ ಯೆಹೂದ್ಯ ವಲಸಿಗ ಅಲ್ಲಿ ನಮಾಜು ಮಾಡುತ್ತಿದ್ದ 29 ಮಂದಿಯನ್ನು ಗುಂಡಿಟ್ಟು ಕೊಂದ. ಅಬ್ರಹಾಮ ಎಂದು ಕರೆದರೂ, ಬಕ್ರೀದ್ ದಿನ ನಮ್ಮ ಊರುಗಳಲ್ಲಿ ನೆನೆಯುವ ಹಾಗೆ ಇಬ್ರಾಹಿಂ ಎಂದರೂ, ಸಮಾಧಿ ಒಂದೇ.

ಹಾಗರಳನ್ನು ಹೇಳದೆ ಮುಗಿಸಲಾರೆ. ಅವಳು ಈಜಿಪ್ಟಿನ ದಾಸಿ. ಸಾರಾಳ ಕಾಟ ತಡೆಯದೆ ಬಸುರಿಯಾಗಿದ್ದಾಗ ಅಡವಿಗೆ ಓಡಿಹೋದಳು. ಅಲ್ಲಿ ನೀರಿನ ಬುಗ್ಗೆಯ ಹತ್ತಿರ ದೇವದೂತ ಅವಳನ್ನು ಹೆಸರು ಹಿಡಿದು ಕರೆದ. ಅವಳು ದೇವರಿಗೇ ಒಂದು ಹೆಸರಿಟ್ಟಳು: ನನ್ನನ್ನು ನೋಡುವ ದೇವರು. ಬೈಬಲಿನಲ್ಲಿ ದೇವರಿಗೆ ಹೀಗೆ ಮೊದಲು ಹೆಸರಿಟ್ಟವಳು ಈ ದಾಸಿ. ಆ ಬಾವಿಗೆ ಲಹೈರೋಯಿ ಎಂದು ಹೆಸರಾಯಿತು. ಮುಂದೆ ಅವಳನ್ನೂ ಮಗ ಇಷ್ಮಾಯೇಲನನ್ನೂ ಒಂದಿಷ್ಟು ರೊಟ್ಟಿ, ಒಂದು ತಿತ್ತಿ ನೀರು ಕೊಟ್ಟು ಮನೆಯಿಂದ ಹೊರಗೆ ಕಳಿಸಿದರು.

ವರ್ಷಗಳು ಕಳೆದವು. ಅಬ್ರಹಾಮ ಸತ್ತ. ಅವನನ್ನು ಹೂಳಿದವರು ಯಾರು? ಆದಿಕಾಂಡ 25ನೇ ಅಧ್ಯಾಯ ಇಬ್ಬರ ಹೆಸರನ್ನೂ ಒಟ್ಟಿಗೆ ಹೇಳುತ್ತದೆ: ಇಸಾಕ ಮತ್ತು ಇಷ್ಮಾಯೇಲ. ಹೊರಗೆ ಹಾಕಿದ ಮಗ ಅಪ್ಪನನ್ನು ಹೊರಲು ಬಂದಿದ್ದ. ಅವರು ಏನು ಮಾತಾಡಿಕೊಂಡರು ಎಂದು ಬರೆದಿಲ್ಲ. ನಡುವೆ ಒಂದು ವಚನ ಬಿಟ್ಟು ಒಂದು ಸಾಲು ಬರುತ್ತದೆ. ಅಪ್ಪನ ಮರಣದ ಮೇಲೆ ಇಸಾಕ ಎಲ್ಲಿ ವಾಸವಾಗಿದ್ದ ಎಂದು ಅದು ಹೇಳುತ್ತದೆ. ಲಹೈರೋಯಿ ಬಾವಿಯ ಹತ್ತಿರ. ಹಾಗರಳ ಬಾವಿಯ ಹತ್ತಿರ.